ಅಕ್ಕನ ಕೊರಳಲ್ಲಿ ಹೊಳೆದ ನೆಣ

"ಇದರಿಂದ ಜನ ಸಣ್ಣ ಆಗ್ತಾರಾ ಮೇಡಂ?"

ನಾನು ಮಾಡುವ ಕೆಲಸದ ಬಗ್ಗೆ ಹೇಳಿ ಮುಗಿಸುವುದರೊಳಗೆ ಈ ಪ್ರಶ್ನೆ ಬಂದುಬಿಡುತ್ತದೆ. ಬೆಂಗಳೂರಿನಿಂದ ಬಂದ ಅಧಿಕಾರಿಗಳು ಕೇಳಿದ್ದಾರೆ, ದುಡ್ಡು ಹಾಕಿದವರು ಕೇಳಿದ್ದಾರೆ, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕ ಕೂತವರು ಹೋಳಿಗೆ ಮುರಿಯುತ್ತ ಕೇಳಿದ್ದಾರೆ. ಮೊದಮೊದಲು ನಗುತ್ತಿದ್ದೆ. ಈಗ ಮೈ ಉರಿಯುತ್ತದೆ. ಕೇಳಿದವರನ್ನೆಲ್ಲ ಔರಾದಿನ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ಸಣ್ಣ ಆಗಬೇಕಾದವರು ಯಾರಿದ್ದಾರೆ ತೋರಿಸಿ ಎನ್ನಬೇಕು ಅನಿಸುತ್ತದೆ. ನನಗೆ ಇಷ್ಟು ಸಿಟ್ಟು ಮೊದಲಿನಿಂದ ಇರಲಿಲ್ಲ. ಎರಡು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ ಬಂತು, ಇಳಿದಿಲ್ಲ.

ಬೀದರಿನ ಅಂಚಿಗೆ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಪ್ರಯೋಗಾಲಯವಿದೆ. ಕಂದು ನೆಣವನ್ನು ಹುಡುಕಿ ತೋರಿಸುವ ಮದ್ದು ಮಾಡುವುದು ನಮ್ಮ ಕೆಲಸ. ಮದ್ದು ಎಂದರೂ ಅದು ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ರಕ್ತದಲ್ಲಿ ಸೇರಿ, ಮೈಯೊಳಗೆ ಕಂದು ನೆಣ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೂತು, ಸ್ಕ್ಯಾನ್ ಯಂತ್ರದ ಕಣ್ಣಿಗೆ ಹೊಳೆಯಬೇಕು, ಅಷ್ಟೇ. ಲ್ಯಾಬಿನವರು ಟ್ರೇಸರ್ ಎನ್ನುತ್ತಾರೆ. ನಮ್ಮ ಅಕ್ಕ ಅದಕ್ಕೆ ಜಾಡಿನ ಮದ್ದು ಎಂದು ಹೆಸರಿಟ್ಟಿದ್ದಳು.

ನಾವೆಲ್ಲ ಬೈದುಕೊಳ್ಳುವ ಹೊಟ್ಟೆಯ ನೆಣ ಬಿಳಿಯದು. ಅದು ಕೂಡಿಡುತ್ತದೆ. ಕಂದು ನೆಣ ಹಾಗಲ್ಲ, ಉರಿದು ಮೈಗೆ ಬಿಸಿ ಕೊಡುತ್ತದೆ. ಹಸುಗೂಸುಗಳಲ್ಲಿ ಹೆಚ್ಚು. ದೊಡ್ಡವರಲ್ಲಿ ಕೊರಳಿನ ಎರಡು ಬದಿಗೆ, ಹೆಗಲೆಲುಬಿನ ಮೇಲೆ, ಬೆನ್ನುಹುರಿಯ ಆಚೀಚೆ ಒಂದಿಷ್ಟು ಉಳಿದಿರುತ್ತದೆ. ಚಳಿಯಾದರೆ ಎಚ್ಚರಗೊಳ್ಳುತ್ತದೆ, ಬೆಚ್ಚಗಿದ್ದರೆ ಮಲಗಿರುತ್ತದೆ.

ತೊಂದರೆ ಏನೆಂದರೆ, ಆಸ್ಪತ್ರೆಗಳಲ್ಲಿ ಈಗ ಬಳಸುವ ಟ್ರೇಸರ್ ಸಕ್ಕರೆಯದು. ಸಕ್ಕರೆಗೆ ಒಂದು ಚೂರು ವಿಕಿರಣ ಅಂಟಿಸಿ ನರಕ್ಕೆ ಚುಚ್ಚುತ್ತಾರೆ. ಯಾವುದು ಹೆಚ್ಚು ಸಕ್ಕರೆ ತಿನ್ನುತ್ತದೋ ಅದು ಹೊಳೆಯುತ್ತದೆ. ಕ್ಯಾನ್ಸರ್ ಗಂಟು ತಿನ್ನುತ್ತದೆ, ಚಳಿಯಲ್ಲಿ ಎಚ್ಚರಗೊಂಡ ಕಂದು ನೆಣವೂ ತಿನ್ನುತ್ತದೆ. ತೆರೆಯ ಮೇಲೆ ಎರಡೂ ಒಂದೇ ಬೆಳಕು. ಚಳಿಯಿರಲಿ ಬಿಡಲಿ, ಕಂದು ನೆಣಕ್ಕೆ ಮಾತ್ರ ಅಂಟುವ, ಗಂಟಿಗೆ ಅಂಟದ ಮದ್ದು ಬೇಕು. ಅದಕ್ಕಾಗಿ ನಾನು ಆರು ವರ್ಷ ಗಾಜಿನ ಬುಂಡೆಗಳ ಮುಂದೆ ನಿಂತಿದ್ದೇನೆ.

ನಿಲ್ಲುವುದು ಬಿಟ್ಟರೆ ಹೆಚ್ಚಿನ ಪಾಲು ಸೋಲುವುದೇ. ವಿಕಿರಣ ಒಂದು ಬಿಟ್ಟು ಉಳಿದುದೆಲ್ಲವನ್ನೂ ಕೊಳಾರದಲ್ಲಿ ಕಟ್ಟಿ ಹೈದರಾಬಾದಿನ ಒಂದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಅವರು ಅದಕ್ಕೆ ವಿಕಿರಣದ ಫ್ಲೋರಿನ್ ಕೂಡಿಸಿ ಕುರಿಮರಿಗಳಿಗೆ ಚುಚ್ಚಿ ಚಿತ್ರ ತೆಗೆಯುತ್ತಿದ್ದರು. ಒಂದು ಮದ್ದು ಹೋಗಿ ಪೂರ್ತಿ ಪಿತ್ತಜನಕಾಂಗದಲ್ಲಿ ಕೂತಿತು. ಇನ್ನೊಂದು ದಾರಿಯಲ್ಲೇ ಒಡೆದು, ಫ್ಲೋರಿನ್ ಎಲ್ಲ ಎಲುಬಿಗೆ ಸೇರಿ, ತೆರೆಯ ಮೇಲೆ ಮರಿಯ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುವ ಹಾಗಾಯಿತು. ಎಂಟು ತಿಂಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆ ದಿನ ನಾನು ಕೈಗವಸು ಕಿತ್ತು ಗೋಡೆಗೆ ಎಸೆದಿದ್ದೆ.

ಮರಿಗಳು ಅಕ್ಕನವು. ನಾವು ಔರಾದ ತಾಲೂಕಿನ ಕುರಿಯವರು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಹಿಂಡಿನ ಹಿಂದೆ ಹೋದಳು. ಅವಳು ಹೋದದ್ದಕ್ಕೆ ನಾನು ಭಾಲ್ಕಿಯ ಹಾಸ್ಟೆಲ್ಲಿಗೆ ಹೋದೆ. ಮುಂದೆ ಅವಳನ್ನು ನಮ್ಮೂರಲ್ಲೇ ಕೊಟ್ಟರು. ನಾನು ಓದಿ, ಭಾಲ್ಕಿಯಲ್ಲೇ ಮಾಸ್ತರಿಕೆ ಮಾಡುವವರನ್ನು ಮದುವೆಯಾಗಿ, ದಿನಾ ಬೀದರಿಗೆ ರೈಲಿನಲ್ಲಿ ಓಡಾಡುವವಳಾದೆ.

ಮರಿ ಬೇಕು ಎಂದು ಮೊದಲ ಸಲ ಕೇಳಿದಾಗ ಅಕ್ಕ ಸುಮ್ಮನೆ ಕೊಡಲಿಲ್ಲ.

"ಏನ್ ಚುಚ್ಚತೀ ಅವಕ್ಕ?"

"ಜಾಡ ಹಿಡಿಯೋ ಮದ್ದ, ಅಕ್ಕಾ. ಒಳಗ ಕಂದು ನೆಣ ಎಲ್ಲಿ ಅದ ಅಂತ ನೋಡ್ಲಾಕ."

"ಅದನ್ ನೋಡ್ಲಾಕ ಹೈದ್ರಾಬಾದಿಗಿ ಯಾಕ ಒಯ್ತೀ? ನಂಗ ಕೇಳು. ಈಗ ಹುಟ್ಟಿದ ಮರಿ ಸತ್ರ ಹೊಟ್ಟಿ ಸೀಳಿ ನೋಡು, ಗುರ್ದಾ ಸುತ್ತ ಬೆಲ್ಲದ ಬಣ್ಣದ ನೆಣ ಇರ್ತದ. ತಿಂಗಳ ಆಯ್ತಂದ್ರ ಬೆಳ್ಳಗ ಆಗ್ತದ. ಅದು ನೆಣ ಅಲ್ಲ, ಒಲಿ."

ಗುರ್ದಾ ಎಂದರೆ ಮೂತ್ರಪಿಂಡ. ನಮ್ಮ ಲ್ಯಾಬಿನ ಮುಖ್ಯಸ್ಥರು ಇದನ್ನೇ ಮೂರು ದಿನ ಪರದೆಯ ಮೇಲೆ ಚಿತ್ರ ಹಾಕಿ ನಮಗೆ ಕಲಿಸಿದ್ದರು. ಮರಿಗಳು ಜೀವಂತ ವಾಪಸು ಬರಬೇಕು ಎಂಬ ಕರಾರಿನ ಮೇಲೆ ಅಕ್ಕ ಕೊಟ್ಟಳು. ವಿಕಿರಣ ಒಂದು ದಿನದಲ್ಲಿ ಸಾಯುತ್ತದೆ, ಮರಿಗಳು ಬರುತ್ತಿದ್ದವು. ಬಂದ ಪ್ರತಿ ಮರಿಯ ಕಣ್ಣು, ಕಾಲು, ಬಾಲ ನೋಡಿಯೇ ಹಿಂಡಿಗೆ ಬಿಡುತ್ತಿದ್ದಳು.

ಆ ಅಕ್ಕನ ಎದೆಯೊಳಗೆ ಗಂಟುಗಳು ಎದ್ದವು. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಲಿಂಫೋಮಾ ಎಂದರು. ಬೀದರಿನ ಆಸ್ಪತ್ರೆಯಲ್ಲಿ ಆರು ಸಲ ಔಷಧ ಏರಿಸಿದರು. ಪ್ರತಿ ಸಲ ಒಂದು ವಾರ ನಮ್ಮ ಭಾಲ್ಕಿಯ ಮನೆಯಲ್ಲಿ ಮಲಗಿ, ಎದ್ದು ಊರಿಗೆ ಹೋಗುತ್ತಿದ್ದಳು. ಕೂದಲು ಹೋಯಿತು, ಮೈ ಇಳಿಯಿತು, ನಾಲಿಗೆ ಮಾತ್ರ ಇಳಿಯಲಿಲ್ಲ. ನನ್ನ ಗಂಡ ಮಾಡಿದ ಸಾರಿಗೆ ಇಡೀ ಓಣಿಗೆ ಕೇಳುವಂತೆ ಹೆಸರಿಡುತ್ತಿದ್ದಳು. ಆರನೆಯದು ಮುಗಿದ ಮೇಲೆ, ರೋಗ ಪೂರ್ತಿ ಹೋಯಿತೋ ಇಲ್ಲವೋ ತಿಳಿಯಲು ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರಮ್ಮ. ಹೋಗಿದ್ದರೆ ಔಷಧ ಅಲ್ಲಿಗೆ ಮುಗಿಯಿತು. ಉಳಿದಿದ್ದರೆ ಇನ್ನೂ ಉಗ್ರವಾದದ್ದು ಶುರು.

ಅದು ಡಿಸೆಂಬರ್. ಬೀದರಿನ ಚಳಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಕ ಔರಾದಿನಿಂದ ಮೊದಲ ಬಸ್ಸಿಗೆ, ಕಿಟಕಿಯ ಗಾಜು ಒಡೆದ ಸೀಟಿನಲ್ಲಿ ಕೂತು, ಖಾಲಿ ಹೊಟ್ಟೆಯಲ್ಲಿ ಬಂದಳು. ನಾನು ಬಸ್ ನಿಲ್ದಾಣದಲ್ಲಿ ಕಾದಿದ್ದೆ. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿ ಹೊದ್ದಿದ್ದಳು. ನಮ್ಮದೇ ಕುರಿಗಳ ಉಣ್ಣೆಯದು, ಅವ್ವ ನೂತದ್ದು. ಮಳೆ, ಚಳಿ, ಹಿಂಡು ಎಲ್ಲ ಕಂಡ ಕಂಬಳಿ, ಅದರ ವಾಸನೆ ನಾಲ್ಕು ಹೆಜ್ಜೆ ಮುಂದೆ ಬರುತ್ತದೆ.

ಸ್ಕ್ಯಾನ್ ಸೆಂಟರ್ ಬೀದರಿನಲ್ಲಿ ಹೊಸದು. ಗಾಜಿನ ಬಾಗಿಲು, ಬಿಳಿ ನೆಲ. ಅಲ್ಲಿನ ಇಬ್ಬರು ಮೂವರಿಗೆ ನನ್ನ ಗುರುತಿತ್ತು, ಕೊಳಾರದ ಸೈಂಟಿಸ್ಟ್ ಮೇಡಂ ಎಂದು ಎದ್ದು ನಿಲ್ಲುತ್ತಿದ್ದರು. ಆಟೋದಿಂದ ಇಳಿಯುವ ಮೊದಲು ನಾನು ಅಕ್ಕನಿಗೆ ಹೇಳಿದೆ:

"ಅಕ್ಕಾ, ಕಂಬಳಿ ತಗಿ. ಚೀಲದಾಗ ಇಡ್ತೇನಿ."

"ಯಾಕ? ಥಂಡಿ ಅದ."

"ಒಳಗ ಬಿಡಲ್ಲ ಅವರು."

ಹಾಗೆಂದು ಯಾರೂ ಹೇಳಿರಲಿಲ್ಲ. ಅಕ್ಕ ಒಂದು ಕ್ಷಣ ನನ್ನನ್ನು ನೋಡಿ ಕಂಬಳಿ ಬಿಚ್ಚಿ ಕೊಟ್ಟಳು. ನಾನು ಅದನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿದೆ.

ಸಕ್ಕರೆ ಚುಚ್ಚಿದ ಮೇಲೆ ಒಂದು ತಾಸು ಅಲ್ಲಾಡದೆ ಮಲಗಿರಬೇಕು. ಮೈಯಲ್ಲಿ ವಿಕಿರಣ ಇರುವುದರಿಂದ ಪಕ್ಕದಲ್ಲಿ ಯಾರೂ ಕೂಡುವಂತಿಲ್ಲ. ಯಂತ್ರಕ್ಕೆ ಬಿಸಿಯಾಗಬಾರದೆಂದು ಆ ಕಡೆಯ ಕೋಣೆಗಳೆಲ್ಲ ಎ.ಸಿ. ಅಕ್ಕನಿಗೆ ಒಂದು ತೆಳ್ಳನೆಯ ಗೌನು ಕೊಟ್ಟಿದ್ದರು. ಬಾಗಿಲ ಗಾಜಿನಿಂದ ಇಣುಕಿದಾಗ ಮೊಣಕಾಲು ಎದೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದ್ದಳು. ಹೊದೆಯಲು ಏನಾದರೂ ಕೊಡಿ ಎಂದೆ, ಅಟೆಂಡರ್ ಒಂದು ಬೆಡ್‌ಶೀಟ್ ಹಾಕಿ ಬಂದ. ನಾನು ಹೊರಗೆ ಬಿಸಿಲು ಬಿದ್ದ ಕಡೆ ನಿಂತು ಚಹಾ ಕುಡಿದೆ.

ಈಗ ಹೇಳಲೇಬೇಕಾದ ಒಂದು ಮಾತಿದೆ. ಹೈದರಾಬಾದಿನ ಆ ಪ್ರಯೋಗಾಲಯದಲ್ಲಿ ಕಂದು ನೆಣದ ಅಧ್ಯಯನಕ್ಕೆ ಜನರನ್ನೂ ಕರೆಯುತ್ತಾರೆ, ಇದೇ ಸಕ್ಕರೆ ಚುಚ್ಚುತ್ತಾರೆ. ಅವರ ಕಂದು ನೆಣ ಹೊಳೆಯಬೇಕಲ್ಲ, ಅದಕ್ಕೆ ಬೇಕಂತಲೇ ಚಳಿ ಹತ್ತಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ತೆಳು ಬಟ್ಟೆ ಹಾಕಿ, ಸ್ವೆಟರ್ ಶಾಲು ಕಂಬಳಿ ತೆಗೆದಿಡಿ, ತಣ್ಣನೆಯ ಕೋಣೆಯಲ್ಲಿ ಕೂಡಿ. ಬೀದರಿನ ಕಡೆಯಿಂದ ಹೋಗುವವರಿಗಾಗಿ ಆ ಸೂಚನೆಗಳ ಕನ್ನಡ ಹಾಳೆಯನ್ನು ಬರೆದವಳು ನಾನು. ಒಂದೊಂದು ಸಾಲನ್ನೂ ನಾನೇ ಬರೆದು, ಒಂದೊಂದು ಸಾಲನ್ನೂ ನಾನೇ ಅಕ್ಕನ ಮೇಲೆ ಮಾಡಿದೆ, ಮತ್ತು ಆ ದಿನ ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಆ ವಾಸನೆಯೊಂದೇ.

ಎರಡು ದಿನದ ನಂತರ ಡಾಕ್ಟರಮ್ಮ ವರದಿ ಓದಿದರು. ಎದೆಯ ಗಂಟುಗಳು ಹೋಗಿವೆ. ಆದರೆ ಕೊರಳಿನ ಎರಡೂ ಬದಿಗೆ, ಹೆಗಲೆಲುಬಿನ ಮೇಲೆ, ಬೆನ್ನುಹುರಿಯ ಪಕ್ಕ ಹೊಸದಾಗಿ ಕಾಣಿಸಿಕೊಂಡಿದೆ. ರೋಗ ಹಬ್ಬಿದೆ ಎಂದು ಸ್ಕ್ಯಾನ್ ಸೆಂಟರಿನವರು ಬರೆದಿದ್ದರು.

"ಇನ್ನ ಜರಾ ಜೋರಿನ ಔಷಧಿ ಕೊಡಬೇಕಾಗ್ತದ್ರಿ," ಎಂದರು ಡಾಕ್ಟರಮ್ಮ. ಅವರು ಬೀದರಿನವರೇ, ಮುಚ್ಚಿಡುವ ಸ್ವಭಾವ ಅವರದಲ್ಲ. "ಮೂತ್ರಪಿಂಡ, ಕಿವಿ, ನರ, ಎಲ್ಲದಕ್ಕೂ ಪೆಟ್ಟ ಬೀಳಬಹುದು. ಬಿಟ್ರ ಜೀವಕ್ಕ ಅಪಾಯ ಅದ."

ಅಕ್ಕ "ಮತ್ತ?" ಎಂದಳು. ಅಷ್ಟೇ. ಕೈಯಲ್ಲಿದ್ದ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಚಿತ್ರಗಳನ್ನು ನಾನು ನೋಡಿದೆ. ಎರಡೂ ಬದಿ ಸಮಸಮ, ಹೆಗಲ ಮೇಲೆ ಟವೆಲ್ ಇಳಿಬಿಟ್ಟ ಹಾಗೆ. ಬೆನ್ನುಹುರಿಯ ಪಕ್ಕ ಸಾಲಾಗಿ ಚುಕ್ಕೆ. ಇದೇ ಆಕಾರವನ್ನು ನಾನು ಹೈದರಾಬಾದಿನ ತೆರೆಗಳ ಮೇಲೆ ಎಷ್ಟು ಸಲ ನೋಡಿಲ್ಲ! ನನ್ನ ಒಳಗೆ ಒಂದು ಮಾತು ಎದ್ದು ನಿಂತಿತು, ಇದು ಗಂಟಲ್ಲ, ನೆಣ. ಅನುಮಾನ ಇರಲೇ ಇಲ್ಲ ಎಂದರೆ ಸುಳ್ಳಾದೀತು. ಅಕ್ಕನ ಮೇಲಿನ ಜೀವ ನನ್ನ ಕಣ್ಣಿಗೆ ಹೀಗೆ ತೋರಿಸುತ್ತಿರಬಹುದು ಎಂದೂ ಅನಿಸಿತು. ಆದರೂ ಸೀದಾ ಸ್ಕ್ಯಾನ್ ಸೆಂಟರಿಗೆ ಹೋದೆ. ವರದಿ ಬರೆದ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ನೀವು ಡಾಕ್ಟರಾ?"

"ಕೆಮಿಸ್ಟ್ ಸರ್. ಕಂದು ನೆಣದ ಟ್ರೇಸರ್ ಮೇಲೇ ಕೆಲಸ ಮಾಡ್ತೇನೆ. ಇದು ಅದೇ ಅನಿಸ್ತದೆ."

"ಪೇಷೆಂಟ್ ನೋಡಿದೀರಲ್ಲ? ಕಡ್ಡಿ ಥರ ಇದಾರೆ. ಅವರಲ್ಲಿ ಕೊಬ್ಬು ಎಲ್ಲಿಂದ ಬರುತ್ತೆ?"

ಕಡ್ಡಿಯಂಥವರಲ್ಲೇ ಕಂದು ನೆಣ ಹೆಚ್ಚು ಕಾಣುವುದು. ಇದು ನಮ್ಮ ವಿಷಯದ ಮೊದಲ ಪುಟದ ಮಾತು. ಹಲ್ಲು ಕಚ್ಚಿಕೊಂಡು ಹೇಳಿದೆ, "ಸರ್, ಅವತ್ತು ಅವಳಿಗೆ ಬಹಳ ಚಳಿ ಆಗಿತ್ತು."

ಆಗ ಅವರು ನನ್ನ ಕಡೆ ತಿರುಗಿದರು. "ಎಲ್ಲರಿಗೂ ಅದೇ ರೂಮ್ ಮೇಡಂ. ಚಳಿಗಾಲದಲ್ಲಿ ಬರೋರು ಹೊದ್ದುಕೊಳ್ಳೋಕೆ ಏನಾದ್ರೂ ತರ್ತಾರೆ. ಇವರು ಏನೂ ತಂದಿರಲಿಲ್ವಾ?"

ತಂದಿದ್ದಳು, ನಾನು ಚೀಲದಲ್ಲಿ ಕಟ್ಟಿಟ್ಟೆ ಎಂದು ಹೇಳಬೇಕಿತ್ತು. ಬಾಗಿಲ ಬಳಿ ಅಟೆಂಡರ್ ನಿಂತಿದ್ದ. "ಇಲ್ಲ," ಎಂದೆ. ಎದ್ದು ಹೊರಗೆ ಬಂದೆ.

ಆಮೇಲೆ ಒಂಬತ್ತು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಡಾಕ್ಟರಮ್ಮನಿಗಿಲ್ಲ, ಗಂಡನಿಗಿಲ್ಲ, ಅಕ್ಕನಿಗಂತೂ ಇಲ್ಲವೇ ಇಲ್ಲ. ಚಳಿಯ ಮಾತು ಎತ್ತಿದರೆ ಕಂಬಳಿಯ ಮಾತು ಬರುತ್ತದೆ. ಓದಿದ ಡಾಕ್ಟರು ಹೇಳಿದ್ದಾರೆ, ನಾನು ಯಾರು, ತಪ್ಪು ನನ್ನದೇ ಆಗಿ ರೋಗ ನಿಜವೇ ಆಗಿದ್ದರೆ ಏನು ಗತಿ, ಎಂದೆಲ್ಲ ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡೆ. ಎಲ್ಲ ನೆಪ. ಜೀವದ ಪ್ರಶ್ನೆ ಎದುರಿಗಿರುವಾಗ ನಾನು ನನ್ನ ಮಾನ ಕಾಯುತ್ತ ಕೂತಿದ್ದೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆ ದಿನಗಳಲ್ಲೇ, ವಿಚಿತ್ರ ನೋಡಿ, ನಮ್ಮ ಮದ್ದು ಗೆದ್ದಿತು. ಬೆಚ್ಚಗೆ ಮಲಗಿದ್ದ ಮರಿಯ ಗುರ್ದಾ ಸುತ್ತ ಮಾತ್ರ ಹೊಳೆದು, ಉಳಿದ ಮೈಯೆಲ್ಲ ಕತ್ತಲಾಗಿ ಉಳಿದ ಚಿತ್ರ ಹೈದರಾಬಾದಿನಿಂದ ಬಂತು. ಶೆಡ್ಡಿನಲ್ಲಿ ಪೇಢೆ ಹಂಚಿದರು. ಅಕ್ಕನ ಕೊರಳಲ್ಲಿರುವುದು ನೆಣವೋ ಗಂಟೋ ಎಂದು ಹೇಳಬಲ್ಲ ಪುಡಿ ನನ್ನ ಕೈಗೆಟುಕುವ ಫ್ರಿಜ್ಜಿನಲ್ಲಿತ್ತು. ಆದರೆ ಅದು ಮನುಷ್ಯರಿಗೆ ಕೊಡುವಂಥದ್ದಲ್ಲ, ಅದಕ್ಕೆ ಪರೀಕ್ಷೆಗಳು, ಅನುಮತಿಗಳು, ವರ್ಷಗಳು ಬೇಕು. ಅದು ನ್ಯಾಯವೇ, ಒಪ್ಪುತ್ತೇನೆ. ಒಪ್ಪಲಾಗದ್ದು ಇನ್ನೊಂದಿತ್ತು. ಮೊದಲ ಪರೀಕ್ಷೆ ದಪ್ಪಗಿರುವವರ ಮೇಲೆ ಎಂದು ದುಡ್ಡು ಹಾಕಿದವರು ಆಗಲೇ ತೀರ್ಮಾನಿಸಿದ್ದರು, ಅವರಿಗೆ ಬೇಕಾದದ್ದು ಸಣ್ಣ ಆಗುವ ಮಾತ್ರೆ. ಚಳಿಗೆ ನಡುಗಿ ಕ್ಯಾನ್ಸರಿನ ಚೀಟಿ ಅಂಟಿಸಿಕೊಂಡು ಮನೆಗೆ ಬರುವ ಕಡ್ಡಿ ಮೈಯ ಹೆಂಗಸರು ಯಾರ ಕಾಗದದಲ್ಲೂ ಇರಲಿಲ್ಲ. ನಾನು ಪೇಢೆ ತಿನ್ನಲಿಲ್ಲ.

ಉಗ್ರ ಔಷಧ ಏರಿತು. ಮೂರು ದಿನ ಆಸ್ಪತ್ರೆ, ಆಮೇಲೆ ಭಾಲ್ಕಿಯ ನಮ್ಮ ಮನೆ. ಹಿಂದಿನ ಆರೂ ಸಲ ಇಷ್ಟಾಗಿರಲಿಲ್ಲ. ನೀರು ಕುಡಿದರೂ ವಾಂತಿ. ಕಿವಿಯಲ್ಲಿ ಹುಳ ಹೊಕ್ಕ ಹಾಗೆ ಗುಂಯ್ ಅನ್ನುತ್ತದೆ ಎನ್ನುತ್ತಿದ್ದಳು. ನನ್ನ ಗಂಡ ಬೋಗುಣಿ ಹಿಡಿದು ನಿಂತರೆ ಸಾರಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆ ಮೌನಕ್ಕೇ ನನಗೆ ಹೆದರಿಕೆಯಾದದ್ದು.

ಒಂಬತ್ತನೆಯ ದಿನ ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ ಅಕ್ಕ ಮೆಲ್ಲಗೆ ಕೇಳಿದಳು.

"ಅವತ್ತ ಆ ಖೋಲಿಯಾಗ ನಂಗ ಬಾಳ ಥಂಡಿ ಹತ್ತಿತ್ತು. ಹಲ್ಲ ಕಟಕಟ ಅಂತಿದ್ವು. ಅದಕ್ಕೇ ಬ್ಯಾನಿ ತಿರುಗಿ ಬಂತೇನ? ನಂದೇ ತಪ್ಪೇನ?"

ಗಂಜಿಯ ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿದೆ. ಚಳಿ, ನೆಣ, ಡಾಕ್ಟರು ಕೇಳಿದ ಪ್ರಶ್ನೆ, ನಾನು ಹೇಳಿದ ಸುಳ್ಳು. ಒಳಗೆ ಬಿಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ ಎಂದೂ ಹೇಳಿದೆ. ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದು ಎದ್ದು ಕೂತಳು.

"ವಾಸನಿ ಬರ್ತದ ಅಂತ ತಗಸಿದಿ?"

"ಹೂಂ ಅಕ್ಕಾ."

"ಆ ಕುರಿ ಮಾರಿ ನಿಂಗ ಓದಿಸಿದ್ವಿ. ಆಗ ವಾಸನಿ ಬರ್ಲಿಲ್ಲ? ಆ ಮರಿ ಒಯ್ದು ಸೈಂಟಿಸ್ಟ್ ಆದಿ, ಆಗ ಬರ್ಲಿಲ್ಲ? ಭಾಲ್ಕಿ ಸಾಲಿಗಿ ಕಳಿಸಿದ್ದು ನನ್ನ ನೋಡಿ ನಾಚ್ಕೊಳ್ಳಾದ ಕಲೀಲಾಕೇನ?" ಉಸಿರು ಸಾಲದೆ ನಿಲ್ಲಿಸಿದಳು. "ನಾಚ್ಕೊಂಡಿ, ಹೋಗ್ಲಿ. ತಿಳದ ಮ್ಯಾಲೂ ಬಾಯಿ ಯಾಕ ಮುಚಗೊಂಡ್ ಕುಂತಿ? ನನ್ನ ಮೈಯಾಗ ವಿಷ ಹೋಗಾಗ ನೋಡಕೋತ ನಿಂತಿದ್ದಿ ನೀ."

ಗಂಜಿಯ ಬಟ್ಟಲು ಎತ್ತಿಕೊಂಡು ಹೋಗಿ ತೊಳೆದಿಟ್ಟೆ.

ಮರುದಿನ ಮೊದಲ ರೈಲಿಗೆ ಬೀದರಿಗೆ ಹೋಗಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತೆ. ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ಮೊದಲೇ ಬಂದು ಯಾಕ ಹೇಳಲಿಲ್ರಿ ನೀವು?" ಎಂದರು. ಮುಂದಿನ ಔಷಧ ನಿಲ್ಲಿಸಿ, ಅಕ್ಕ ಸ್ವಲ್ಪ ಸುಧಾರಿಸಿದ ಮೇಲೆ ಮತ್ತೊಮ್ಮೆ ಸ್ಕ್ಯಾನಿಗೆ ಬರೆದರು. ಹಿಂದಿನ ದಿನದಿಂದಲೇ ಬೆಚ್ಚಗಿಡಬೇಕು, ಕಂದು ನೆಣ ಏಳದಂತೆ ಒಂದು ಮಾತ್ರೆ ಕೊಡಬೇಕು, ಕೋಣೆಯ ಎ.ಸಿ. ಬಂದ್ ಇರಬೇಕು.

ಜನವರಿಯಲ್ಲಿ ಅಕ್ಕ ಅದೇ ಗಾಜಿನ ಬಾಗಿಲಿನಿಂದ ಕಂಬಳಿ ಹೊದ್ದೇ ಒಳಗೆ ಹೋದಳು. ಅಟೆಂಡರ್ ಮೂಗು ಸಿಂಡರಿಸಿದ.

"ಮೇಡಂ, ಇದು ಒಳಗ ಬ್ಯಾಡ್ರಿ. ವಾಸನಿ ಭಾಳ ಬರ್ತದ."

"ಬರ್ಲಿ," ಎಂದೆ. ಇಡೀ ಹಾಲ್ ತಿರುಗಿ ನೋಡುವಷ್ಟು ಜೋರಾಗಿ ಎಂದೆ. "ನಮ್ಮ ಕುರಿ ವಾಸನಿ ಅದು. ನಮ್ಮ ಅಕ್ಕ ಆಕಿ. ತಗೀಬೇಕಂದ್ರ ನಿಮ್ಮ ದೊಡ್ಡ ಡಾಕ್ಟರನ್ನ ಕರೀ, ಬರವಣಿಗಿಯಾಗ ಕೊಡ್ಲಿ."

ಆತ ಬಿಟ್ಟ. ಪಾಪ, ಅವನ ಮೇಲೆ ಅಷ್ಟು ಹಾರಾಡಬೇಕಿರಲಿಲ್ಲ. ಮೊದಲ ಸಲ ಕಂಬಳಿ ತೆಗೆಸಿದವನು ಅವನಾಗಿರಲಿಲ್ಲ.

ಈ ಸಲದ ಚಿತ್ರದಲ್ಲಿ ಕೊರಳು ಕತ್ತಲು. ಹೆಗಲು ಕತ್ತಲು. ಬೆನ್ನುಹುರಿಯ ಪಕ್ಕ ಒಂದು ಚುಕ್ಕೆಯೂ ಇಲ್ಲ. ಆಮೇಲೆ ವರದಿಯ ಕೊನೆಯ ಸಾಲು ಓದಿದೆ. ಹೊಸ ಔಷಧ ಅದ್ಭುತವಾಗಿ ಕೆಲಸ ಮಾಡಿದೆಯಂತೆ, ರೋಗ ಪೂರ್ತಿ ಹಿಂದೆ ಸರಿದಿದೆಯಂತೆ, ಉಳಿದ ಸುತ್ತುಗಳನ್ನು ಮುಂದುವರಿಸಬಹುದಂತೆ!

ನೆತ್ತಿಗೇರಿತು ಸಿಟ್ಟು. ಇಲ್ಲದ ರೋಗಕ್ಕೆ ವಿಷ ಕೊಟ್ಟು, ಇಲ್ಲದ ರೋಗ ಹೋಯಿತೆಂದು ಬೆನ್ನು ತಟ್ಟಿಕೊಂಡು, ಇನ್ನಷ್ಟು ವಿಷ ಕೊಡಿ ಎನ್ನುತ್ತಾರೆ. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

"ಸರ್, ಹಳೇ ಸ್ಕ್ಯಾನ್ ತೆಗೀರಿ."

"ಮೇಡಂ, ನಾನು ಬ್ಯುಸಿ..."

"ಹೊಳಪಿನ ಪದರ ಬ್ಯಾಡ. ಅದರ ಕೆಳಗಿನ ಸಿ.ಟಿ. ಪದರ ತೆಗೀರಿ. ಹೊಳೆದ ಜಾಗದಾಗ ಗಂಟ ಎಲ್ಲಿ ಅದ ತೋರಿಸ್ರಿ. ತೋರಿಸಿದ್ರ ಹೋಗ್ತೇನಿ."

ನನ್ನ ಮುಖದಲ್ಲಿ ಏನು ಕಂಡರೋ, ತೆಗೆದರು. ಎಡ ಕೊರಳು. ಬಾಣದ ಗುರುತನ್ನು ಹೊಳಪಿನ ಮೇಲಿಟ್ಟು ಪದರ ಬದಲಿಸಿದರು. ಅಲ್ಲಿ ಗಂಟಿಲ್ಲ, ನೆಣದ ಕಪ್ಪು ಬಣ್ಣ. ಬಲ ಕೊರಳು, ನೆಣ. ಬೆನ್ನುಹುರಿಯ ಪಕ್ಕ ಒಂದೊಂದು ಚುಕ್ಕೆಯ ಕೆಳಗೂ ನೆಣ. ಮೊದಲ ದಿನವೇ ಆ ಬೆರಳು ಇಷ್ಟು ಅಲ್ಲಾಡಿದ್ದರೆ ಸಾಕಾಗಿತ್ತು. ಅವರು ಬಾಣವನ್ನು ಮತ್ತೆ ಎಡ ಕೊರಳಿಗೆ ತಂದರು. ಕೊನೆಗೆ "ಓ," ಎಂದರು.

ತಿದ್ದಿದ ವರದಿ ಸಂಜೆ ಬಂತು. ಹಿಂದಿನ ಸ್ಕ್ಯಾನಿನಲ್ಲಿ ಕಂಡದ್ದು ಕಂದು ನೆಣದ ಸಹಜ ಚಟುವಟಿಕೆ ಇರಬಹುದು ಎಂದು ಒಂದೇ ಸಾಲು. ಆ 'ಇರಬಹುದು' ನೋಡಿ ಕಾಗದ ಹರಿಯಬೇಕೆನಿಸಿತು. ಔಷಧ ನಿಲ್ಲಿಸಲು ಅದು ಬೇಕಾಗಿತ್ತೆಂದು ಹರಿಯಲಿಲ್ಲ.

ಡಾಕ್ಟರಮ್ಮ ಅಕ್ಕನ ಕೈ ಹಿಡಿದುಕೊಂಡು ಹೇಳಿದರು. "ಬ್ಯಾನಿ ಹೋಗ್ಯಾದ್ರಿ. ಆರ ಸಲ ಕೊಟ್ಟಿದ್ದಕ್ಕೇ ಹೋಗಿತ್ತು. ಕಡೀಕ ಕೊಟ್ಟಿದ್ದು ಬೇಕಾಗಿರ್ಲಿಲ್ಲ. ತಪ್ಪಾಗ್ಯಾದ."

"ಯಾರದ್ರಿ ತಪ್ಪು?" ಎಂದಳು ಅಕ್ಕ.

"ನಮ್ಮದು."

ಅಕ್ಕ ನನ್ನ ಕಡೆ ನೋಡಲಿಲ್ಲ. "ನಮ್ಮ ಮನೀದೂ ಅದ್ರಿ," ಎಂದಳು.

ಅಕ್ಕ ಊರಿಗೆ ಹೋದಳು. ನಾನು ಲ್ಯಾಬಿನಲ್ಲಿ ಜಗಳಕ್ಕೆ ನಿಂತೆ. ಮೊದಲ ಪರೀಕ್ಷೆ ಕ್ಯಾನ್ಸರಿನ ಔಷಧ ಮುಗಿಸಿದವರ ಮೇಲಾಗಬೇಕು, ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ ಎಂದು ಬರೆದು ಕೊಟ್ಟೆ. ಆ ಜಗಳ ಇನ್ನೂ ನಡೆದಿದೆ. ಮುಖ್ಯಸ್ಥರು ನನ್ನೊಡನೆ ಈಗ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಊರಿಗೆ ಹೋದೆ. ಕುರಿಗಳು ಈಯುತ್ತಿದ್ದ ಸಮಯ. ಇನ್ನೂ ಬಿಸಿಲು ಏರಿರಲಿಲ್ಲ. ಅಕ್ಕ ದೊಡ್ಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಆಗಷ್ಟೇ ಹುಟ್ಟಿದ ಮರಿಯನ್ನು ಹುಲ್ಲಿನಿಂದ ಒರೆಸುತ್ತಿದ್ದಳು. ತಲೆಯಲ್ಲಿ ಸಣ್ಣಗೆ ಕೂದಲು ಬರತೊಡಗಿತ್ತು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ನಾನು ಪಕ್ಕದಲ್ಲಿ ಕೂತೆ.

ಹುಟ್ಟಿದ ಮರಿ ಉಳಿಯುತ್ತದೋ ಇಲ್ಲವೋ ಎಂದು ನೋಡಲು ನಮ್ಮವರು ಅದರ ಬಾಯಿಯೊಳಗೆ ಬೆರಳು ಇಡುತ್ತಾರೆ. ಬಾಯಿ ಬಿಸಿಯಿದ್ದರೆ ಒಳಗಿನ ಒಲೆ ಹೊತ್ತಿದೆ, ತಾಯಿಗೆ ಬಿಡಬಹುದು. ತಣ್ಣಗಿದ್ದರೆ ಕೂಡಲೇ ಬೆಂಕಿಯ ಹತ್ತಿರ ಒಯ್ಯಬೇಕು, ತಡವಾದರೆ ಹೋಯಿತು. ಇದರಲ್ಲಿ ಅಕ್ಕನ ಬೆರಳು ಎಂದೂ ತಪ್ಪಿದ್ದಿಲ್ಲ. ಪಕ್ಕದ ಹಟ್ಟಿಯವರೂ ಅವಳನ್ನೇ ಕರೆಯುತ್ತಿದ್ದರು.

ಅಕ್ಕ ಬೆರಳು ಇಟ್ಟಳು. ತೆಗೆದಳು. ಸೀರೆಗೆ ಒರೆಸಿ ಮತ್ತೆ ಇಟ್ಟಳು. ಇನ್ನೊಂದು ಕೈಯ ಬೆರಳು ಇಟ್ಟಳು.

"ತಿಳಿವಲ್ದು," ಎಂದಳು. "ಆ ಕಡೀ ಔಷಧಿ ಆದಾಗಿಂದ ಬೆರಳ ಸತ್ತಾವ. ಬಿಸಿನೂ ತಿಳಿವಲ್ದು, ತಣ್ಣಗನೂ ತಿಳಿವಲ್ದು. ನೀ ನೋಡು."

ನಾನು ಬೆರಳು ಇಟ್ಟೆ. ಮರಿಯ ಅಂಗುಳ ಬೆಚ್ಚಗಿತ್ತು, ನಾಲಿಗೆ ನನ್ನ ಬೆರಳನ್ನು ಚೀಪಲು ಹೆಣಗುತ್ತಿತ್ತು.

"ಬಿಸಿ ಅದ ಅಕ್ಕಾ," ಎಂದೆ.

"ಖರೇ?"

"ಖರೇ."

ಅಕ್ಕ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಗ್ಗಿ, ಅದರ ಬಾಯಿಗೆ ತನ್ನ ತುಟಿ ಇಟ್ಟು ನೋಡಿದಳು.